ನೆಲಕ್ಕಿಡಬಾರದ ಕೊಡ

ನೀರಿಗಿಂತ ಪವಿತ್ರವಾದ ವಸ್ತು ಈ ಭೂಮಿಯ ಮೇಲೆ ಇನ್ನೊಂದಿಲ್ಲ. ಹೀಗೆ ಹೇಳಿದವರು ಯಾರೂ ಅದನ್ನು ಹದಿನೆಂಟು ಕಿಲೋಮೀಟರು ಹೊತ್ತು ನಡೆದವರಲ್ಲ. ನಾನು ನಡೆದಿದ್ದೇನೆ, ಮೂರು ಸಲ. ನನ್ನ ಅನುಭವದಲ್ಲಿ ನೀರು ಮೊದಲು ಭಾರ, ಪಾವಿತ್ರ್ಯ ಆಮೇಲೆ.

ಹರಕೆ ಅಕ್ಕನದು, ಹೊತ್ತದ್ದು ನನ್ನ ಸಲುವಾಗಿ. ಮೂಡಲಗಿಯ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ ನಿವೃತ್ತನಾದವನು ಗೋಕಾಕ ಫಾಲ್ಸಿಗೆ ಬಂದು ಅಕ್ಕನ ಮನೆಯ ಹಿಂದಿನ ಕೋಣೆ ಸೇರಿಕೊಂಡೆ. ಭಾವ ಗಿರಣಿಯಲ್ಲಿ ದುಡಿದವರು, ಆ ಹೊತ್ತಿಗಾಗಲೇ ತೀರಿಕೊಂಡಿದ್ದರು. ನಾನು ಮದುವೆಯ ಬಗ್ಗೆ ಯೋಚನೆ ಮಾಡಿ ಒಂದು ತೀರ್ಮಾನಕ್ಕೆ ಬರುವಷ್ಟರಲ್ಲಿ ನಿವೃತ್ತಿಯೇ ಬಂದುಬಿಟ್ಟಿತ್ತು. ಹೀಗೆ ಎಪ್ಪತ್ತರ ಅಕ್ಕ, ಅರವತ್ತು ದಾಟಿದ ತಮ್ಮ, ಗೋಡೆಯ ಮೇಲೆ ಮೇರಿ ಮಾತೆ, ಮೂವರೂ ಒಂದು ಸೂರಿನಡಿ ಶಾಂತವಾಗಿದ್ದೆವು. ನನಗೆ ಕಾಮಾಲೆ ಬಂತು.

ಹದಿನೇಳು ದಿನ ಆಸ್ಪತ್ರೆಯಲ್ಲಿ ಮಲಗಿದೆ. ಹನ್ನೆರಡನೆಯ ದಿನ ಡಾಕ್ಟರರು ನನ್ನ ಕಣ್ಣನ್ನು ಎತ್ತಿ ನೋಡಿದರು, ನನಗೆ ಏನೂ ಹೇಳಲಿಲ್ಲ, ಅಕ್ಕನನ್ನು ಹೊರಗೆ ಕರೆದರು. ಅಕ್ಕ ಒಳಗೆ ಬರುವಷ್ಟರಲ್ಲಿ ಹರಕೆ ಆಗಿಹೋಗಿತ್ತು: ತಮ್ಮ ಎದ್ದರೆ ಮೂರು ವರ್ಷ ಮಾತೆಯ ಬಾವಿಯ ನೀರು ಹೊತ್ತು ತರುತ್ತೇನೆ ಅಂತ. ನನ್ನ ಒಪ್ಪಿಗೆ ಕೇಳಲಿಲ್ಲ, ನಾನು ನಿದ್ದೆಯಲ್ಲಿದ್ದೆ. ಐದು ದಿನಕ್ಕೆ ಎದ್ದು ಮನೆಗೆ ಬಂದೆ. ಡಾಕ್ಟರರು ಸಲೈನ್ ಕೆಲಸ ಮಾಡಿತು ಎಂದರು. ಅಕ್ಕ ಅವರ ಮನಸ್ಸು ನೋಯಿಸಬಾರದೆಂದು ಹೂಂ ಅಂದಳು.

ಆ ಬಾವಿ ಇರುವುದು ಹುಕ್ಕೇರಿಯ ಕಡೆ ಒಂದು ಸಣ್ಣ ಹಳ್ಳಿಯಲ್ಲಿ. ಹೆಸರು ಬರೆಯುವುದಿಲ್ಲ, ಈಗಾಗಲೇ ಸರತಿ ಬಹಳ ಉದ್ದವಾಗಿದೆ. ಬಾವಿ ತೋಡುವಾಗ ಮೂರಾಳು ಆಳದಲ್ಲಿ ಮಾತೆಯ ಗೇಣುದ್ದದ ಪ್ರತಿಮೆ ಸಿಕ್ಕಿತೆಂದು ಕೆಲವರು ಹೇಳುತ್ತಾರೆ. ಪ್ರತಿಮೆ ಮೊದಲು ಬಂತು, ಬಾವಿ ಆಮೇಲೆ ತೋಡಿದರು ಎಂದು ಇನ್ನು ಕೆಲವರು. ನೀರು ಬಂತು ಎಂಬುದರಲ್ಲಿ ಮಾತ್ರ ಎಲ್ಲರಿಗೂ ಒಮ್ಮತ. ಅಲ್ಲಿ ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟು. ಆದರೆ ಸೆಪ್ಟೆಂಬರಿನಲ್ಲಿ ಮಾತೆಯ ಹುಟ್ಟಿದ ದಿನಕ್ಕೆ ಬೆಳಗಾವಿಯಿಂದ, ಗೋವೆಯ ಗಡಿಯಿಂದ ಜನ ಬರುತ್ತಾರೆ. ಕಲ್ಲೋಳಿ, ಕುಲಗೋಡದ ರೈತರೂ ಕಜ್ಜಿ ತುರಿಕೆಗೆ ನೀರು ಒಯ್ಯಲು ಬರುತ್ತಾರೆ.

ಹರಕೆಯ ನೀರಿಗೆ ನಿಯಮಗಳಿವೆ. ಹೋಗುವುದು ಹೇಗಾದರೂ ಸರಿ: ಬಸ್ಸು, ಟೆಂಪೋ, ಮಂದಿಯ ಬೈಕು, ಮಾತೆ ಅದನ್ನು ಕೇಳುವುದಿಲ್ಲ. ಬರುವುದು ಮಾತ್ರ ನಡೆದೇ, ಅದೂ ಬರಿಗಾಲಲ್ಲಿ. ಹಗ್ಗ ಹಾಕಿ ಸೇದಿದ ನೀರನ್ನು ತಾಮ್ರದ ಕೊಡದಲ್ಲಿ ತುಂಬಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಬೇಕು. ಬಾವಿಯಿಂದ ಹೊರಟ ಕೊಡ ಮನೆಯ ಪೀಠ ಮುಟ್ಟುವವರೆಗೆ ನೆಲ ಕಾಣಬಾರದು. ಕೈ ಸೋತರೆ ಇನ್ನೊಬ್ಬರ ಕೈಗೆ ಕೊಡಬಹುದು, ಕೆಳಗಿಡುವಂತಿಲ್ಲ. ಇಟ್ಟರೆ ಆ ವರ್ಷ ಹೋಯಿತು, ಹಿಂದಿನ ವರ್ಷಗಳೂ ಹೋದವು, ಮತ್ತೆ ಒಂದರಿಂದ ಶುರು.

ಇದನ್ನೆಲ್ಲ ಯಾರು ಬರೆದಿಟ್ಟರು ಎಂದು ನಮ್ಮ ಫಾದರ್ ಅವರನ್ನು ಒಮ್ಮೆ ಕೇಳಿದೆ.

"ಮಾಸ್ತರ, ನಮ್ಮ ಯಾವ ಪುಸ್ತಕದಾಗೂ ಇಲ್ಲ ಇದು," ಎಂದರು. ಆಮೇಲೆ ಬಾಗಿಲ ಕಡೆ ನೋಡಿ, "ನಾ ಹಿಂಗಂದೆ ಅಂತ ನಿಮ್ಮ ಅಕ್ಕಾರ ಮುಂದ ಹೇಳಬ್ಯಾಡ್ರಿ. ಚರ್ಚಿನ ಹೂವಿನ ಕೆಲಸ ಎಲ್ಲಾ ಅವರ ಕೈಯಾಗ ಐತಿ," ಎಂದರು.

ಮೊದಲ ಎರಡು ವರ್ಷ ದಣಿವಿನ ಹೊರತು ವಿಶೇಷವೇನೂ ನಡೆಯಲಿಲ್ಲ. ಮೂರನೆಯ ವರ್ಷ ಅಕ್ಕನ ಮೊಣಕಾಲು ಎದ್ದು ನಿಂತಿತು, ಅಂದರೆ ಏಳುವುದನ್ನೇ ನಿಲ್ಲಿಸಿತು. ಎಲುಬಿನ ಡಾಕ್ಟರರು ಫೋಟೋ ಹಿಡಿದು ನೋಡಿ, ಇನ್ನು ಮುಂದೆ ದೂರದ ನಡಿಗೆ ಎಂಬ ಮಾತನ್ನೇ ಮರೆತುಬಿಡಿ ಎಂದರು. ಅಕ್ಕ ಅದರಲ್ಲಿ 'ಇನ್ನು ಮುಂದೆ' ಎಂಬಷ್ಟನ್ನು ಕೇಳಿಸಿಕೊಂಡು, ಈ ವರ್ಷಕ್ಕೆ ಅಡ್ಡಿಯಿಲ್ಲ ಎಂದು ಅರ್ಥಮಾಡಿಕೊಂಡಳು.

"ಇದೊಂದ ವರ್ಷ ಆದ್ರ ಮುಗೀತ ತಮ್ಮಾ," ಎಂದಳು. "ಇದ ಕೆಟ್ಟರ ಮತ್ತ ಮೂರ ವರ್ಷ ನಡಿಯಾಕ ಈ ಕಾಲಿಗೆ ಎಲ್ಲೈತಿ ತಾಕತ್ತ? ತೀರಸದ ಹರಕಿ ಇಟ್ಟಗೊಂಡ ಸತ್ರ ಮಾತೆ ಮುಂದ ಹೆಂಗ ನಿಂದರ್ಲಿ?"

"ಕ್ಷಮಾ ಮಾಡ್ತಾಳ ಬಿಡ."

"ನನಗ ಮಾಡ್ತಾಳ. ನಿನ್ನ ಕಾಮಾಲಿ ತಿರುಗಿ ಕಳಿಸಿದ್ರ?"

ಹೀಗೆ ನನ್ನ ಪಿತ್ತಕೋಶದ ಭವಿಷ್ಯವೂ ಆ ಕೊಡದೊಳಗೆ ಬಿತ್ತು. ಮುನ್ನಾದಿನ ಮಧ್ಯಾಹ್ನದ ಬಸ್ಸಿಗೆ ಹೊರಟೆವು.

ಅಲ್ಲಿಯ ಶಾಲೆಯ ಪಡಸಾಲೆಯಲ್ಲಿ ಮಲಗಿ, ಸೊಳ್ಳೆಗಳಿಗೆ ಅನ್ನದಾನ ಮಾಡಿ, ಬೆಳಿಗ್ಗೆ ಆರರ ಪೂಜೆಗೆ ಎದ್ದೆವು. ಪ್ರವಚನ ತಾಳ್ಮೆಯ ಕುರಿತಾಗಿತ್ತು, ಉದ್ದವಾಗಿತ್ತು. ಆಮೇಲೆ ಬಾವಿಯ ಸರತಿ. ಬಾವಿಗೆ ಈಗ ಮೋಟರು ಕೂಡಿಸಿ, ಬದಿಯಲ್ಲಿ ಸಾಲಾಗಿ ನಳ ಹಾಕಿದ್ದಾರೆ. ಅದೇ ನೀರು. ಆದರೆ ಹರಕೆಯವರು ರಾಟೆಯ ಹಗ್ಗವನ್ನೇ ಹಿಡಿಯಬೇಕು. ಅಕ್ಕ ಹಗ್ಗ ಹಿಡಿದು ಒಂದೊಂದು ಮೊಳಕ್ಕೂ ನಿಲ್ಲುತ್ತ ಸೇದುವಾಗ ಹಿಂದಿನ ಹೆಂಗಸು, ಕಲ್ಲೋಳಿಯಾಕೆ, ತಡೆಯಲಾರದೆ ಹೇಳಿದಳು:

"ಲಗೂನ ಸೇದ್ರಿ ಆಯಿ, ನಮ್ಮ ಬಸ್ಸ ಹೋಗತೈತಿ."

"ಬಸ್ಸಿಗೆ ಹೋಗಾಕಿ ನಳದಾಗ ತುಂಬ್ಕೋ," ಎಂದಳು ಅಕ್ಕ, ಹಿಂತಿರುಗಿ ನೋಡದೆ.

ಏಳೂವರೆಗೆ ಹೊರಟೆವು. ಅಕ್ಕ ಜಪಸರ ಹಿಡಿದು ಪ್ರಾರ್ಥನೆ ಎತ್ತಿಕೊಡುವುದು, ನಾನು ಕೊಡ ಹಿಡಿದು ಉತ್ತರ ಹೇಳುವುದು. ಒಂದು ಫರ್ಲಾಂಗಿಗೆ ಕೊಡ ಅವಳ ಸೊಂಟಕ್ಕೆ, ಮೂರು ಫರ್ಲಾಂಗಿಗೆ ನನ್ನ ಎದೆಗೆ. ಎರಡೂ ಬದಿ ಆಳೆತ್ತರದ ಕಬ್ಬು, ಒಳಗೆ ಗಾಳಿಯಿಲ್ಲ. ಮಳೆ ಬಿಟ್ಟ ಮೇಲಿನ ಬಿಸಿಲು, ಡಾಂಬರು, ಅಂಗಾಲಿಗೆ ಒಂದೊಂದು ಹರಳೂ ತನ್ನ ಪರಿಚಯ ಹೇಳುತ್ತಿತ್ತು. ಏರು ಬಂದಲ್ಲಿ ನನ್ನ ಉತ್ತರಗಳು ಗಿಡ್ಡವಾಗತೊಡಗಿದವು.

"ಆಮೆನ್ ನುಂಗಬ್ಯಾಡ," ಎಂದಳು ಅಕ್ಕ.

"ಉಗುಳ ನುಂಗಾಕತ್ತೇನಿ."

ಬೈಕಿನವರು ನಿಂತು ನಿಂತು ಕೇಳಿದರು. "ಕಾಕಾ, ಫಾಲ್ಸಿಗೆ ಹೊಂಟೇನಿ, ಹತ್ರಿ." ನಮ್ಮ ಕಡೆ ಮುದುಕರು ಹೊರೆ ಹೊತ್ತು ನಡೆಯುವುದನ್ನು ನೋಡಿ ಸುಮ್ಮನೆ ದಾಟಿಹೋಗುವವರು ಇನ್ನೂ ಹುಟ್ಟಬೇಕಾಗಿದೆ. ಒಬ್ಬೊಬ್ಬರಿಗೂ ಬೇಡವೆಂದು ಹೇಳಿ, ಯಾಕೆಂದು ವಿವರಿಸುವುದೇ ನಡೆಯುವುದಕ್ಕಿಂತ ದಣಿವಿನ ಕೆಲಸವಾಯಿತು. ನಾಲ್ಕನೆಯವನಿಗೆ ನಾನು ಕೈಯಲ್ಲೇ ಆಶೀರ್ವಾದ ಮಾಡಿ ಕಳಿಸಬೇಕೆಂದಿದ್ದೆ, ಕೈ ಬಿಡುವಿರಲಿಲ್ಲ.

ನಾಲ್ಕು ಕಿಲೋಮೀಟರು ಬರುವಷ್ಟರಲ್ಲಿ ಹತ್ತು ಗಂಟೆ. ಒಂದು ಮೋರಿಯ ಕಟ್ಟೆಯ ಹತ್ತಿರ ಅಕ್ಕನ ಮೊಣಕಾಲು ಹಿಡಿದುಕೊಂಡಿತು. ಕುಳಿತಳು. ಕಾಲು ಚಾಚಲೂ ಬರಲಿಲ್ಲ, ಮಡಚಲೂ ಬರಲಿಲ್ಲ.

"ಒಂದೀಟ ಎಣ್ಣಿ ಹಚ್ಚಿದ್ರ ಬಿಡತೈತಿ," ಎಂದಳು. ಎದುರಿಗೆ ಹೊಲದಲ್ಲಿ ಒಂದು ಹೆಂಚಿನ ಮನೆ ಕಾಣುತ್ತಿತ್ತು. "ಆ ಮನ್ಯಾಗ ಕೇಳ್ಕೊಂಡ ಬಾ."

"ಕೊಡ?"

"ಕೊಡ ನಿನ್ನ ಕೂಡ ಬರ್ಲಿ. ಕುಂತ ಹಿಡಕೊಳ್ಳಾಕ ನನಗ ಆಗೂದಿಲ್ಲ."

ಎರಡೂ ಕೈಯಲ್ಲಿ ಕೊಡ ಅಪ್ಪಿಕೊಂಡು ಎಣ್ಣೆ ತರಲು ಹೊರಟೆ. ತಂದ ಎಣ್ಣೆಯನ್ನು ಯಾವ ಕೈಯಲ್ಲಿ ಹಿಡಿಯಬೇಕೆಂಬ ಪ್ರಶ್ನೆ ಮೂವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿದ ನನಗೂ ಹೊಳೆಯಲಿಲ್ಲ, ಕಿರಿಯವನೆಂದು ನನ್ನ ಪಾಲಿನದನ್ನೂ ತಾನೇ ಯೋಚಿಸುವ ಅಕ್ಕನಿಗೂ ಹೊಳೆಯಲಿಲ್ಲ. ಅಷ್ಟು ದಣಿದಿದ್ದೆವು.

ಈಗ ನಮ್ಮ ಸೀಮೆಯ ಒಂದು ಪದ್ಧತಿಯನ್ನು ಹೇಳಬೇಕು. ಮನೆಗೆ ಯಾರಾದರೂ ಬಂದರೆ ಬನ್ನಿ ಅನ್ನುವುದಕ್ಕೂ ಮೊದಲು ಅವರ ಕೈಯಲ್ಲಿರುವುದನ್ನು ಇಸಿದುಕೊಳ್ಳುತ್ತಾರೆ. ಚೀಲವಿರಲಿ, ಗಂಟಿರಲಿ, ಮಗುವಿರಲಿ. ಆಮೇಲೆ ಕಾಲಿಗೆ ನೀರು, ಬಾಯಿಗೆ ಬೆಲ್ಲ, ಯಾರು ಎತ್ತ ಎಂಬ ವಿಚಾರಣೆ ಕಡೆಗೆ. ಹೊರೆ ಹೊತ್ತವರನ್ನು ಅಂಗಳದಲ್ಲಿ ನಿಲ್ಲಿಸಿ ಮಾತಾಡಿಸಿದರೆ ಆ ಮನೆಯ ಹೆಣ್ಣುಮಗಳನ್ನು ಓಣಿಯಲ್ಲಿ ಆಡಿಕೊಳ್ಳುತ್ತಾರೆ. ಬಂದವರಿಗೂ ಅದು ಗೊತ್ತು. ಹೊರೆ ಕೊಡುವುದಿಲ್ಲ ಎಂದರೆ ನಿಮ್ಮ ಮನೆ ನನಗೆ ಬೇಡ ಎಂದಂತೆ.

ಅಂಗಳದಲ್ಲಿ ಹೆಸರುಕಾಳು ಹಸನು ಮಾಡುತ್ತಿದ್ದ ನಲವತ್ತೈದರ ಹೆಣ್ಣುಮಗಳು ನನ್ನನ್ನು ಕಂಡವಳೇ ಎದ್ದು ಬಂದಳು.

"ಬರ್ರಿ ಕಾಕಾರ, ಬರ್ರಿ."

"ಒಂದೀಟ ಎಣ್ಣಿ ಬೇಕಾಗಿತ್ತವಾ. ನಮ್ಮ ಅಕ್ಕಗ ಕಾಲ ಹಿಡದೈತಿ, ಮೋರಿ ಮ್ಯಾಲ ಕುಂತಾಳ."

"ಕೊಡ್ತೇನ್ರಿ. ಎದರಾಗ ಒಯ್ತೀರಿ? ಕೈ ಎರಡೂ ತುಂಬ್ಯಾವಲ್ಲ." ಎರಡೂ ಕೈ ಚಾಚಿದಳು. "ಕೊಡ್ರಿಲ್ಲೆ."

ಇಲ್ಲಿ ನಾನು ಬೇಡ ಎನ್ನಬೇಕಿತ್ತು. ಹರಕೆಯ ಕೊಡವೆಂದು ಎರಡು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಮಾತು ಬಾಯಿಗೂ ಬಂದಿತ್ತು. ಆದರೆ ನನ್ನ ತೋಳುಗಳು ಬಾಯಿಯ ಅಭಿಪ್ರಾಯಕ್ಕೆ ಕಾಯಲಿಲ್ಲ. ಕೊಟ್ಟುಬಿಟ್ಟೆ. ಕೊಡ ಕೈಬಿಟ್ಟಾಗ ಭುಜದಿಂದ ಬೆರಳ ತುದಿಯವರೆಗೆ ತಣ್ಣಗೆ ಏನೋ ಇಳಿದುಹೋಯಿತು. ಎರಡು ವರ್ಷದ ಪೂಜೆ ಪ್ರಾರ್ಥನೆಯಲ್ಲಿ ಅಂಥ ಸುಖ ನನಗೆ ಸಿಕ್ಕಿರಲಿಲ್ಲ.

ಅವಳು ಕೊಡವನ್ನು ಮನೆಯ ಮುಂದಿನ ಕಟ್ಟೆಯ ಮೇಲಿಟ್ಟಳು. ತಂಬಿಗೆಯಲ್ಲಿ ನೀರು, ತಾಟಿನಲ್ಲಿ ಬೆಲ್ಲ ತಂದಳು. ಎಣ್ಣೆ ಬಿಸಿಮಾಡಲು ಒಳಗೆ ಹೋದಳು. ನಾನು ಕೊಡದ ಪಕ್ಕದಲ್ಲೇ ಕಟ್ಟೆಯ ಮೇಲೆ ಕುಳಿತು ಬೆಲ್ಲ ಬಾಯಿಗೆ ಹಾಕಿಕೊಂಡೆ. ಅವಳು ಎಣ್ಣೆಯ ಬಟ್ಟಲು ಹಿಡಿದು ಹೊರಗೆ ಬರುವುದಕ್ಕೂ, ನಾನು ಬರಲಿಲ್ಲವೆಂದು ಅಕ್ಕ ದಾರಿಯಲ್ಲಿ ಸಿಕ್ಕ ಕೋಲೊಂದನ್ನು ಊರಿಕೊಂಡು ಅಂಗಳಕ್ಕೆ ಕಾಲಿಡುವುದಕ್ಕೂ ಸರಿಹೋಯಿತು.

ಅಕ್ಕ ನನ್ನನ್ನು ನೋಡಲಿಲ್ಲ. ಕೊಡವನ್ನು ನೋಡಿದಳು.

"ಯಾರ ಇಟ್ಟಾರ ಅದನ್ನ?"

"ಇವರ ಇಸಗೊಂಡ್ರು," ಎಂದೆ.

ಮನೆಯಾಕೆ ನನ್ನ ಮುಖ ನೋಡಿದಳು. ಅಕ್ಕ ಕೋಲಿನ ಮೇಲೆ ಗದ್ದ ಊರಿ ನಿಧಾನವಾಗಿ ಎಲ್ಲ ಹೇಳಿದಳು: ಬಾವಿ, ಹರಕೆ, ಮೂರನೆಯ ವರ್ಷ, ನೆಲಕ್ಕಿಟ್ಟರೆ ಒಂದರಿಂದ ಶುರು, ಮತ್ತು ಡಾಕ್ಟರರ ಮಾತು. ಕೇಳುತ್ತ ಕೇಳುತ್ತ ಆಕೆಯ ಕೈ ಗಲ್ಲಕ್ಕೆ ಹೋಯಿತು.

"ಅಯ್ಯ ಶಿವನ! ನನ್ನ ಕೈಲೇ ಆತಲ್ಲ ಇದು!"

ಹಳೆಯ ಮಾಸ್ತರನಾದ ನಾನು ಸಂಕಟದಲ್ಲಿ ತರ್ಕದ ಮೊರೆ ಹೋದೆ. "ಅಕ್ಕಾ, ಇದು ಕಟ್ಟಿ. ನೆಲ ಅಲ್ಲ. ನೆಲದಿಂದ ಎರಡ ಫೂಟ ಮ್ಯಾಲ ಐತಿ."

"ಕಟ್ಟಿ ಎದರ ಮ್ಯಾಲ ಐತಿ?"

"ನೆಲದ ಮ್ಯಾಲ."

"ಮುಗೀತಲ್ಲ."

ಅಕ್ಕ ಅಳುವವಳಲ್ಲ. ಕಟ್ಟೆಯ ಮೇಲೆ ಕುಳಿತು ಸೀರೆ ಸ್ವಲ್ಪ ಸರಿಸಿ, ತಂದ ಎಣ್ಣೆಯನ್ನು ವ್ಯರ್ಥ ಮಾಡಬಾರದೆಂಬಂತೆ ಮೊಣಕಾಲಿಗೆ ತಿಕ್ಕತೊಡಗಿದಳು. ಊದಿದ ಆ ಮೊಣಕಾಲನ್ನು ನಾನು ಅಂದೇ ಸರಿಯಾಗಿ ನೋಡಿದ್ದು. ಅದರ ಮೇಲೆ ನಾಲ್ಕು ಕಿಲೋಮೀಟರು ಹೇಗೆ ಬಂದಳೋ.

"ಹೊಳ್ಳಿ ಹೋಗಿ ತುಂಬ್ಕೊಂಡ ಬಂದ್ರ ನಡಿಯೂದಿಲ್ಲೇನ್ರಿ ಆಯಿ?" ಎಂದು ಮನೆಯಾಕೆ ಕೇಳಿದಳು.

ಅಕ್ಕ ಕೈ ನಿಲ್ಲಿಸಿದಳು. ನಿಯಮಗಳನ್ನು ಮನಸ್ಸಿನಲ್ಲೇ ಒಂದೊಂದಾಗಿ ತಿರುವಿ ಹಾಕುತ್ತಿದ್ದಾಳೆಂದು ಅವಳ ತುಟಿಯಿಂದ ತಿಳಿಯುತ್ತಿತ್ತು. ಅದೇ ದಿನ ಎರಡನೆಯ ಸಲ ಸೇದಬಾರದೆಂದು ಎಲ್ಲೂ ಇರಲಿಲ್ಲ. "ನಡೀತೈತಿ," ಎಂದಳು. "ಆದರ ಹೋಗಿ ಬಂದ ಮತ್ತ ಫಾಲ್ಸತನಾ ನಡಿಯಾಕ ಈ ಕಾಲ ಇಲ್ಲವಾ."

"ನೀವ ಯಾಕ? ನಾ ತರ್ತೇನಿ. ಕೈಯಿಂದ ಕೈಗೆ ಕೊಡಬಹುದು ಅಂದ್ರಲ್ಲ. ನನ್ನ ಕೈ ಆಗೂದಿಲ್ಲೇನ? ನಮ್ಮ ಮನ್ಯಾಗ ಮುರದ ಹರಕಿ, ನಾವ ಕೂಡಸಬೇಕ."

ಅಕ್ಕ ಆಕೆಯನ್ನು ಬಹಳ ಹೊತ್ತು ನೋಡಿದಳು. ಹಣೆಯ ವಿಭೂತಿ ನೋಡಿದಳು, ಹೆಸರಿನ ಹೊಟ್ಟು ಮೆತ್ತಿದ ಕೈ ನೋಡಿದಳು.

"ಕೈಗೇನೈತಿ. ಕೈ ತೊಳಕೊಂಡ ಹೋಗು," ಎಂದಳು.

ಕೊಡದಲ್ಲಿದ್ದ ನೀರನ್ನು ತುಳಿಯುವ ಕಡೆ ಚೆಲ್ಲುವಂತಿರಲಿಲ್ಲ. ಮನೆಯ ಮುಂದಿನ ಬಿಲ್ಪತ್ರೆಯ ಗಿಡಕ್ಕೆ ಹಾಕಿದರು. ಅಷ್ಟರಲ್ಲಿ ಆಕೆಯ ಗಂಡ ಹೊಲದಿಂದ ಬೈಕಿನ ಮೇಲೆ ಬಂದ. ವಿಷಯ ಕೇಳಿ, "ಇಷ್ಟಕ್ಕ ಯಾಕ ಚಿಂತಿ? ಹತ್ತ ಮಿನಿಟನ್ಯಾಗ ಗಾಡಿ ಮ್ಯಾಲ ತಂದ ಒಗಿತೇನಿ," ಎಂದ.

"ಒಗಿತೀರಿ, ಅದಕ್ಕ ನಿಮ್ಮ ಕೈಯಾಗ ಕೊಡೂದಿಲ್ಲ," ಎಂದಳು ಹೆಂಡತಿ. "ಹೋಗಾಕ ಗಾಡಿ ನಡೀತೈತಿ, ಬರಾಕ ನಡಿಯೂದಿಲ್ಲ. ನನ್ನ ಬಿಟ್ಟ ಬರ್ರಿ ಸಾಕ." ನಿಯಮವನ್ನು ನನಗಿಂತ ಬೇಗ ಕಲಿತಿದ್ದಳು.

ನಾನು ಅಕ್ಕನ ಆರೈಕೆಗೆ ಇರುತ್ತೇನೆ ಎಂದೆ.

"ನನಗ ಏನೂ ಆಗಿಲ್ಲ. ನೀನೂ ಹೋಗು," ಎಂದಳು ಅಕ್ಕ.

ಮುಂದೆ ಗಂಡ, ಹಿಂದೆ ಕೊಡ ಹಿಡಿದ ಹೆಂಡತಿ, ನಡುವೆ ನಿವೃತ್ತ ಕನ್ನಡ ಶಿಕ್ಷಕ. ಹೀಗೆ ನನ್ನ ಎರಡನೆಯ ಯಾತ್ರೆ ಹೊರಟಿತು. ಬೆಳಿಗ್ಗೆ ಎರಡೂವರೆ ತಾಸು ಸವೆಸಿದ ದಾರಿ ಏಳು ನಿಮಿಷದಲ್ಲಿ ಹಿಂದಕ್ಕೆ ಹೋಯಿತು. ನೋಡಲು ಬೇಸರವಾಗಿ ಕಣ್ಣು ಮುಚ್ಚಿಕೊಂಡೆ.

ಬಾವಿಯಲ್ಲಿ ಈಗ ಸರತಿ ಇರಲಿಲ್ಲ. ಆಕೆ ಚಪ್ಪಲಿ ಬಿಚ್ಚಿ ಗಂಡನ ಬೈಕಿಗೆ ಸಿಕ್ಕಿಸಿ ಕಳಿಸಿದಳು, ಸೆರಗು ಸಿಗಿಸಿ ಹಗ್ಗ ಹಿಡಿದಳು. ನಾಲ್ಕು ಎಳೆತಕ್ಕೆ ನೀರು ಮೇಲೆ ಬಂತು.

"ಏನರ ಅನಬೇಕೇನ್ರಿ?"

"ಅಕ್ಕ ಏನೋ ಅಂತಾಳ. ನನಗ ಕೇಳಸೂದಿಲ್ಲ."

ಆಕೆ ಕಣ್ಣು ಮುಚ್ಚಿ ತಾನೂ ಏನೋ ಅಂದಳು. ನನಗೆ ಅದೂ ಕೇಳಿಸಲಿಲ್ಲ. ಕೇಳಬೇಕೆನಿಸಿತು, ಕೇಳಲಿಲ್ಲ.

ಕೊಡವನ್ನು ಸೊಂಟಕ್ಕಿಟ್ಟು ನಡೆದಳು. ನಾನು ಬರಿಗೈಯಲ್ಲಿ ಹಿಂದೆ. ಅರ್ಧ ದಾರಿಗೆ ಬಂದಾಗ, ನಿಲ್ಲದೆ, ಮುಂದೆ ನೋಡುತ್ತಲೇ ಕೇಳಿದಳು:

"ಖರೆ ಹೇಳ್ರಿ ಕಾಕಾರ. ನಾ ಇಸಗೊಂಡ್ನೋ, ನೀವ ಕೊಟ್ರೋ?"

"ಕೊಟ್ಟೆ."

"ಮತ್ತ ಅಲ್ಲೆ ಹಂಗ್ಯಾಕ ಅಂದ್ರಿ?"

"ಅಕ್ಕನ ಮಾರಿ ನೋಡಿ ಹೆದರಿದೆ. ನೀನರ ಯಾಕ ಸುಮ್ಮಾದಿ?"

"ಮನಿಗೆ ಬಂದವರನ್ನ ಸುಳ್ಳ ಹೇಳ್ತಾರ ಅಂತ ಹೆಂಗ ಅನ್ನೂದ್ರಿ?"

ಸ್ವಲ್ಪ ದೂರ ಹೋದ ಮೇಲೆ, "ತಾ, ಈಗ ನಾ ಹಿಡೀತೇನಿ," ಎಂದೆ.

"ನಿಮ್ಮ ಕೈಯಾಗ ಕೊಡೂದಿಲ್ರಿ," ಎಂದಳು. ನಗುತ್ತಲೇ ಅಂದಳು, ಆದರೆ ಕೊಡಲಿಲ್ಲ.

ಅಂಗಳಕ್ಕೆ ಬಂದಾಗ ಹನ್ನೆರಡು ದಾಟಿತ್ತು. ಅಕ್ಕ ಎದ್ದು ನಿಂತಿದ್ದಳು. ಮೊಣಕಾಲಿಗೆ ಬಟ್ಟೆ ಕಟ್ಟಿಕೊಂಡಿದ್ದಳು, ಚಹಾ ಕುಡಿದಿದ್ದಳು, ಅರ್ಧ ಉಳಿದಿದ್ದ ಹೆಸರುಕಾಳನ್ನು ಪೂರ್ತಿ ಹಸನು ಮಾಡಿಟ್ಟಿದ್ದಳು. ಕೊಡ ನೇರವಾಗಿ ಅವಳ ಕೈಗೆ ಹೋಯಿತು. ನಾನು ರೊಟ್ಟಿ ತಿನ್ನುವಾಗ ಅಕ್ಕ ಹಿಡಿದು ನಿಂತಳು, ಅಕ್ಕ ತಿನ್ನುವಾಗ ಮನೆಯಾಕೆ ಹಿಡಿದಳು. ಹೊರಡುವಾಗ ಅಕ್ಕ ಕೊಡದ ಬಟ್ಟೆ ಬಿಚ್ಚಿ ಒಂದು ಸಣ್ಣ ಬಟ್ಟಲು ನೀರು ಆಕೆಗೆ ಬಗ್ಗಿಸಿಕೊಟ್ಟಳು.

"ಎಮ್ಮಿಗೆ ಕೆಚ್ಚಲ ಬಾತೈತ್ರಿ, ಹಚ್ಚಿದ್ರ ನಡೀತೈತಲ್ಲ?" ಎಂದು ಆಕೆ ಕೇಳಿದಳು.

"ಹಚ್ಚು," ಎಂದಳು ಅಕ್ಕ. ಅದಕ್ಕೂ ನಿಯಮವಿರಲಿಲ್ಲ.

ಮತ್ತೆ ದಾರಿ, ಮತ್ತೆ ಕಬ್ಬು, ಮತ್ತೆ ನಿಂತು ಕೇಳುವ ಬೈಕಿನವರು. ಎರಡು ಜಪಸರ ಮುಗಿದವು. ಮೂರನೆಯದನ್ನು ಎತ್ತಿಕೊಳ್ಳುವ ಮೊದಲು, ಕೊಡ ನನ್ನ ತೋಳಲ್ಲಿದ್ದಾಗ, ನಾನೇ ಬಾಯಿಬಿಟ್ಟೆ.

"ಅಕ್ಕಾ, ಆಕಿ ಇಸಗೊಂಡಿಲ್ಲ. ನಾ ಕೊಟ್ಟೆ."

"ಗೊತ್ತೈತಿ."

"ಆಕಿ ಹೇಳಿದ್ಲೇನು?"

"ಆಕಿ ಯಾಕ ಹೇಳ್ತಾಳ? ಕಸಗೊಂಡಿದ್ರ ನೀ ಹಿಂದಿಂದ ಓಡತಿದ್ದಿ. ಬೆಲ್ಲ ತಿನಕೋತ ಕುಂತಿದ್ದಿ." ಸ್ವಲ್ಪ ಹೊತ್ತು ನಡೆದಳು. "ಕೈ ನೋಯಾಕತ್ತಿತ್ತೇನ?"

"ಹೂಂ."

"ಹಂಗಾರ ಹೇಳಬೇಕಿಲ್ಲೊ, ಹುಚ್ಚ. ನಾ ಒಂದ ಫರ್ಲಾಂಗ ಹೆಚ್ಚ ಹಿಡೀತಿದ್ದೆ."

ಕೊಡ ಇಸಿದುಕೊಂಡಳು. ನಾನು ಕೊಡಬಾರದಿತ್ತು. ಅವಳ ಮೊಣಕಾಲು ಕಣ್ಣ ಮುಂದೆಯೇ ಇತ್ತು. ಆದರೂ ಕೊಟ್ಟೆ, ಹತ್ತು ಹೆಜ್ಜೆ ನಡೆದು ತಿರುಗಿ ಇಸಿದುಕೊಂಡೆ. ಆಮೇಲೆ ಮನೆಯವರೆಗೆ ನನ್ನ ಹತ್ತಿರವೇ ಇತ್ತು. ಅಕ್ಕ ಕೇಳಿದಾಗಲೆಲ್ಲ ಇನ್ನೊಂದು ಸ್ವಲ್ಪ ಮುಂದೆ ಹೋಗಲಿ ಎನ್ನುತ್ತಿದ್ದೆ. ಗೋಕಾಕ ಫಾಲ್ಸಿನ ಇಳಿಜಾರಿಗೆ ಬಂದಾಗ ತೋಳುಗಳು ನನ್ನವೋ ಬೇರೆಯವರವೋ ತಿಳಿಯುತ್ತಿರಲಿಲ್ಲ. ಕೆಳಗೆ ಹೊಳೆ ಧುಮುಕುವ ಸದ್ದು ಕೇಳಿಸಿತು. ಅಷ್ಟೊಂದು ನೀರು ತನ್ನಷ್ಟಕ್ಕೆ ತಾನೇ ಇಳಿದುಹೋಗುತ್ತಿದೆ, ಹೊರುವವರು ಯಾರೂ ಬೇಕಿಲ್ಲ ಎಂದು ಹೊಟ್ಟೆಕಿಚ್ಚಾಯಿತು.

ಸಂಜೆ ಏಳೂ ಕಾಲಿಗೆ ಕೊಡವನ್ನು ಮಾತೆಯ ಪೀಠದ ಮೇಲೆ ಇಟ್ಟೆವು. ಎರಡನೆಯ ಸಲ ಸೇದಿದ ಮೇಲೆ ಅದು ಎಲ್ಲಿಯೂ ನೆಲ ಮುಟ್ಟಲಿಲ್ಲ. ಅಕ್ಕ ಆ ವರ್ಷವನ್ನು ಮೂರನೆಯದೆಂದೇ ಎಣಿಸಿದಳು. ಆಮೇಲೆ ನಾವು ಹೋಗಿಲ್ಲ.